ನಿಂತು ಕಡಿಸದ ಕೈಮಾ

ಮಾನ್ಯ ಓದುಗರಲ್ಲಿ ಸವಿನಯ ನಿವೇದನೆ.

ಮೊದಲನೆಯದಾಗಿ, ಈ ಬರಹದಲ್ಲಿ ಕಂಡುಬರಬಹುದಾದ ಕಾಗುಣಿತದ ತಪ್ಪುಗಳಿಗಾಗಿಯೂ ನನ್ನ ಸೊಟ್ಟ ಅಕ್ಷರಗಳಿಗಾಗಿಯೂ ಕ್ಷಮೆ ಕೋರುತ್ತೇನೆ. ಕನ್ನಡ ನನ್ನ ತಾಯ್ನುಡಿಯಲ್ಲ. ನಾನು ದಕ್ಷಿಣ ಆಫ್ರಿಕಾದವಳು, ಮದುವೆಯಾಗಿ ಅರಸೀಕೆರೆಗೆ ಬಂದವಳು. ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ನನ್ನ ಮಾವನವರು ನನಗೆ ಬರೆಯಲು ಕಲಿಸಿದರು. ಅವರ ಬಳಿ ಇದ್ದ ಮಾದರಿಗಳೆಂದರೆ ಕಚೇರಿಯ ಪತ್ರಗಳೇ. ನಾನು ಏನು ಬರೆದರೂ ಅರ್ಜಿಯಂತೆ ಕಾಣುತ್ತದೆಂದು ನನ್ನ ಪತಿ ನಗುತ್ತಾರೆ. ಆದರೆ ಬೇರೆ ರೀತಿಯಲ್ಲಿ ಬರೆಯುವ ಧೈರ್ಯ ನನಗಿಲ್ಲ, ಆದುದರಿಂದ ಅದೇ ಕ್ರಮವನ್ನು ಅನುಸರಿಸಿದ್ದೇನೆ.

ವಿಷಯ: ಬರ್ಗರ್‌ಗೆ ನಂಬಿಕೆಯ ಮಾಂಸ ದೊರಕಿಸಿಕೊಳ್ಳುವ ಬಗ್ಗೆ, ಹಾಗೂ ತತ್ಸಂಬಂಧವಾಗಿ ನನ್ನ ಅತ್ತೆಯವರು ನನ್ನ ಕೈ ಅಡುಗೆಯನ್ನು ಉಣ್ಣುವುದನ್ನು ನಿಲ್ಲಿಸಿದ ಬಗ್ಗೆ.

ಮೇಲ್ಕಂಡ ವಿಷಯದಲ್ಲಿ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನನ್ನ ಪತಿಯೂ ನಾನೂ ಒಂದು ಪ್ರವಾಸಿ ಹಡಗಿನಲ್ಲಿ ಕೆಲಸಕ್ಕಿದ್ದೆವು. ಅವರು ಎಲೆಕ್ಟ್ರಿಷಿಯನ್, ನಾನು ಬಟ್ಟೆ ಒಗೆಯುವ ವಿಭಾಗದಲ್ಲಿದ್ದೆ. ಈಗ ಅವರು ಅರಸೀಕೆರೆಯಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾರೆ. ನನ್ನ ತವರೂರು ಕುರಿ ಮೇಯುವ ಒಣ ಬಯಲು. ಅರಸೀಕೆರೆಯ ಬಿಸಿಲು ನನಗೆ ಹೊಸದೆನಿಸಲಿಲ್ಲ. ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದನ್ನೂ ಬೇಗ ಕಲಿತೆ. ಬಿಟ್ಟಿರಲಾಗದೆ ಉಳಿದದ್ದು ಒಂದೇ ತಿನಿಸು. ನಮ್ಮ ಮನೆಯಲ್ಲಿ ಶನಿವಾರವೆಂದರೆ ಬರ್ಗರ್. ಅಂಗಳದಲ್ಲಿ ಬೆಂಕಿ ಹಾಕಿ, ಕೊಚ್ಚಿದ ಮಾಂಸವನ್ನು ಅಂಗೈಯಲ್ಲಿ ತಟ್ಟಿ, ಕೆಂಡದ ಮೇಲೆ ಸುಟ್ಟು, ಬನ್ನಿನ ನಡುವೆ ಇಟ್ಟು, ನಿಂತೇ ತಿನ್ನುವುದು.

ಅಲ್ಲಿ ಅದು ಹೆಚ್ಚಾಗಿ ದನದ ಮಾಂಸ. ಅದನ್ನು ನಾನು ಈ ಮನೆಗೆ ಬಂದ ದಿನವೇ ಬಿಟ್ಟೆ. ಅದರ ಬಗ್ಗೆ ಇಲ್ಲಿ ಯಾರೂ ನನಗೆ ಏನನ್ನೂ ಹೇಳಬೇಕಾಗಿ ಬರಲಿಲ್ಲ. ಕುರಿ ಮಾಂಸದಿಂದಲೂ ಬರ್ಗರ್ ಆಗುತ್ತದೆ. ಶನಿವಾರ ಮಾತ್ರ ಸಾಧ್ಯವಿರಲಿಲ್ಲ, ಏಕೆಂದರೆ ಮಾಲೇಕಲ್ಲಿನ ವೆಂಕಟರಮಣ ಈ ಮನೆಯ ದೇವರು, ಅಂದು ಒಲೆಯ ಮೇಲೆ ಮೊಟ್ಟೆಯೂ ಏರುವುದಿಲ್ಲ. ಆದ್ದರಿಂದ ಒಂದು ಭಾನುವಾರವನ್ನು ಗೊತ್ತುಮಾಡಿಕೊಂಡು ಮಾರ್ಕೆಟ್ಟಿನ ಮಟನ್ ಅಂಗಡಿಗೆ ಹೋದೆ. ಕೈಮಾ ಬೇಕೆಂದು ಹೇಳಿ, ಅದು ಸಿದ್ಧವಾಗುವಷ್ಟರಲ್ಲಿ ಈರುಳ್ಳಿ ತರೋಣವೆಂದು ಎದುರಿನ ಸಾಲಿಗೆ ಹೋಗಿ ಬಂದೆ. ಕವರ್ ಸಿದ್ಧವಾಗಿತ್ತು. ತೆಗೆದುಕೊಂಡು ಮನೆಗೆ ಬಂದೆ.

ಅತ್ತೆ ಕವರನ್ನು ಬಿಚ್ಚಿ ನೋಡಿದರು.

"ನಿಂತ್ಕೊಂಡು ಕಡಿಸಿದ್ಯೇನಮ್ಮಾ?"

ನಾನು ನಿಜ ಹೇಳಿದೆ. ಇಲ್ಲ, ಈರುಳ್ಳಿ ತರಲು ಹೋಗಿದ್ದೆ.

"ಹಂಗಾದ್ರೆ ಇದು ಕುರಿ ಅಂತ ಯಾರು ಹೇಳ್ದೋರು?"

"ಅಂಗಡಿಯವರು, ಅತ್ತೆ."

"ಅಂಗಡಿಯೋರು ಹೇಳ್ದೆ ಇರ್ತಾರಾ! ಬಾಡು ಬಾಡಿನಂಗೆ ಇದ್ರೆ ಮೂಳೆ ನೋಡಿ ಹೇಳ್ಬೋದು. ಕೊಚ್ಚಿದ್ಮೇಲೆ ಮುಗೀತು. ಅದು ಕುರಿಯೋ, ಮೇಕೆಯೋ, ಇನ್ನೊಂದೋ."

ಆ 'ಇನ್ನೊಂದೋ' ಎಂಬ ಮಾತಿನ ನಂತರ ಅವರು ನನ್ನ ಮುಖವನ್ನು ನೋಡಲಿಲ್ಲ. ನಾನು ಯಾವ ದೇಶದವಳು, ಅಲ್ಲಿ ಏನು ತಿನ್ನುತ್ತಿದ್ದೆ ಎಂಬುದು ಅವರಿಗೆ ಗೊತ್ತಿತ್ತು. ಅಂಗಡಿಯವರನ್ನು ಮಾತ್ರವಲ್ಲ, ನನ್ನನ್ನೂ ಸೇರಿಸಿಯೇ ಅವರು ಆ ಮಾತನ್ನು ಆಡಿದರೆಂದು ನನಗೆ ಅನ್ನಿಸಿತು. ಮಾಂಸ ಬೀದಿಯ ನಾಯಿಗೆ ಹೋಯಿತು. ಅದನ್ನಿಟ್ಟಿದ್ದ ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದರು. ಮಾವನವರು ಪೇಪರ್ ಹಿಂದಿನಿಂದ, "ನಾನು ಯಾವತ್ತೂ ಕಣ್ಣೆದುರಿಗೇ ಕಡಿಸ್ತೀನಿ, ನಿಂಗೆ ಹೇಳೋದೇ ಮರೆತೆ ಕಣಮ್ಮ" ಎಂದರು. ನಮ್ಮ ದೇಶದಲ್ಲಿ ಅಂಗಡಿಯ ಬೋರ್ಡನ್ನು ನಂಬಿ ಬಂದುಬಿಡುತ್ತೇವೆ. ನಿಂತು ನೋಡಿದರೆ ಅದು ಅಂಗಡಿಯವನಿಗೆ ಮಾಡುವ ಅವಮಾನ. ಇಲ್ಲಿ ನಿಂತು ನೋಡದಿದ್ದರೆ ಅದು ಮನೆಯವರಿಗೆ ಮಾಡುವ ದ್ರೋಹವೆಂದು ನನಗೆ ತಿಳಿದಿರಲಿಲ್ಲ.

ಅಂದು ರಾತ್ರಿ ನಾನು ಸೊಪ್ಪಿನ ಸಾರು ಮಾಡಿದ್ದೆ. ಅತ್ತೆ, "ಹೊಟ್ಟೆ ಯಾಕೋ ಸರಿಯಿಲ್ಲ ಕಣಮ್ಮಾ" ಎಂದು ಮಜ್ಜಿಗೆ ಕುಡಿದು ಮಲಗಿದರು. ಮರುದಿನವೂ ಹೊಟ್ಟೆ ಸರಿಯಿರಲಿಲ್ಲ. ಆ ವಾರವೆಲ್ಲ ಸರಿಯಿರಲಿಲ್ಲ. ಆಮೇಲೆ ನೆಪವನ್ನು ಹೇಳುವುದನ್ನೂ ಬಿಟ್ಟು, ನಾನು ಏಳುವ ಮೊದಲೇ ಎದ್ದು ತಮಗಾಗಿ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿಕೊಳ್ಳತೊಡಗಿದರು. ನನ್ನೊಂದಿಗೆ ಮಾತು ಬಿಡಲಿಲ್ಲ, ಹೂವು ತಂದರೆ ಅರ್ಧ ಕತ್ತರಿಸಿ ನನಗೂ ಕೊಡುತ್ತಿದ್ದರು. ನಾನು ಮಾಡಿದ ಅಡುಗೆ ಮಾತ್ರ ಅವರ ತಟ್ಟೆಗೆ ಹೋಗುತ್ತಿರಲಿಲ್ಲ. ಜಗಳವಾಡಿದ್ದರೆ ನನಗೆ ಉತ್ತರ ಕೊಡಲು ಒಂದು ಮಾತಾದರೂ ಸಿಗುತ್ತಿತ್ತು.

ಸದರಿ ಪರಿಸ್ಥಿತಿಯನ್ನು ಸರಿಪಡಿಸುವ ಸಲುವಾಗಿ ನಾನು ಕೈಗೊಂಡ ಕ್ರಮಗಳು ಈ ಕೆಳಕಂಡಂತೆ ಇದ್ದವು ಎಂದು ಬರೆಯಲು ಹೊರಟೆ. ಆದರೆ ಅವು ಕ್ರಮಗಳಾಗಿರಲಿಲ್ಲ, ಬರೀ ಓಡಾಟ. ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮುಂದಿನ ಭಾನುವಾರ ಅದೇ ಅಂಗಡಿಗೆ ಹೋಗಿ, ಕತ್ತಿ ಎದ್ದಾಗಲೆಲ್ಲ ಬಗ್ಗಿ ನೋಡಿದೆ. ಅಂಗಡಿಯವರು ಕೈ ನಿಲ್ಲಿಸಿ, "ಏನ್ ಮೇಡಂ, ಪೊಲೀಸ್ನೋರ್ ತರ ನಿಂತಿದ್ದೀರಾ? ಬೆರಳು ಹೋಗುತ್ತೆ, ಆಚೆ ಸರೀರಿ" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಾಂಸವನ್ನು ಅವರು ನನ್ನ ಎದುರಿಗೇ ಕಡಿದರು, ಆದರೆ ಕೊಚ್ಚುವ ಮೆಷಿನ್ ಒಳಗಿನ ಕೋಣೆಯಲ್ಲಿತ್ತು. ಅಲ್ಲಿಗೆ ನನ್ನನ್ನು ಬಿಡಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದೆ.

ಬೇಲೂರಿನಲ್ಲಿ ದೇವಸ್ಥಾನ ನೋಡಲು ಬರುವವರಿಗಾಗಿ ಬರ್ಗರ್ ಮಾರುತ್ತಾರೆಂದು ಯಾರೋ ಹೇಳಿದರು. ಬಸ್ ಹತ್ತಿ ಹೋದೆ. ಅದು ಆಲೂಗಡ್ಡೆಯ ಬರ್ಗರ್. ಬನ್ನಿನ ನಡುವಿನ ಬಿಲ್ಲೆಗಳನ್ನು ಇಲ್ಲೇ ಮಾಡುತ್ತೀರಾ ಎಂದು ಕನ್ನಡದಲ್ಲಿ ಕೇಳಿದರೆ ಅಡುಗೆಯವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಮತ್ತೆ ಕನ್ನಡದಲ್ಲಿ ಕೇಳಿದ ಮೇಲೆ, "ಇಲ್ಲ ಮೇಡಂ, ಬೆಂಗಳೂರಿಂದ ಐಸಲ್ಲಿ ಬರುತ್ತೆ. ಒಳಗೇನಿದೆ ಅಂತ ನನ್ನನ್ನ ಕೇಳ್ಬೇಡಿ, ನಾನ್ ಕರಿಯೋನು ಅಷ್ಟೇ" ಎಂದು ಒಪ್ಪಿಕೊಂಡರು. ಅರೇಹಳ್ಳಿಯಿಂದ ಪತಿಯ ಸ್ನೇಹಿತರೊಬ್ಬರು ಜೀವಂತ ನಾಟಿ ಕೋಳಿಯನ್ನು ತಂದುಕೊಟ್ಟರು. ಜೀವಂತವಿದ್ದದ್ದರಿಂದ ಅದು ಕೋಳಿಯೇ ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಅದರ ಮಾಂಸ ಎಷ್ಟು ಕೊಚ್ಚಿದರೂ ನಾರುನಾರಾಗಿಯೇ ಉಳಿದು, ಬಿಲ್ಲೆ ಕಾವಲಿಯ ಮೇಲೆ ಚೂರುಚೂರಾಯಿತು. ಸೋಯಾ ಉಂಡೆಗಳನ್ನು ನೆನೆಸಿ ರುಬ್ಬಿ ತಟ್ಟಿದೆ. ಅತ್ತೆ ಬೆರಳಿನಿಂದ ಒತ್ತಿ ನೋಡಿ, "ಪಾತ್ರೆ ತೊಳೆಯೋ ಸ್ಪಂಜು ಇದ್ದಂಗೈತೆ" ಎಂದರು. ಬೇಯಿಸಿದ ಅಲಸಂದೆ ಕಾಳಿನಿಂದ ಮಾಡಿದ್ದು ಚೆನ್ನಾಗಿಯೇ ಬಂತು, ಮಾವನವರು ಎರಡು ತಿಂದರು. ಅತ್ತೆ ತಮ್ಮ ಪಾತ್ರೆಯ ಸಾರನ್ನೇ ಬಡಿಸಿಕೊಂಡರು. ನಾನು ಮಾಡಿದ್ದರಲ್ಲಿ ಮಾಂಸದ ಸುಳಿವೂ ಇರಲಿಲ್ಲ. ಅವರು ನಿಲ್ಲಿಸಿದ್ದು ಮಾಂಸವನ್ನಲ್ಲ ಎಂಬುದು ನನಗೆ ಅಂದು ಖಚಿತವಾಯಿತು.

"ಸ್ವಲ್ಪ ದಿನ ಸುಮ್ನಿರು. ಅಮ್ಮ ಹಂಗೇ, ತಾನೇ ಸರಿಹೋಗ್ತಾಳೆ" ಎಂದರು ಪತಿ. ಹಡಗಿನ ವೈರುಗಳ ಬಗ್ಗೆಯೂ ಅವರು ಹೀಗೆಯೇ ಹೇಳುತ್ತಿದ್ದರು. ನನಗೆ ಸುಮ್ಮನಿರಲು ಬರುವುದಿಲ್ಲ.

ಅಷ್ಟರಲ್ಲಿ ಯುಗಾದಿ ಬಂತು. ಯುಗಾದಿಯ ಮರುದಿನವನ್ನು ಈ ಸೀಮೆಯಲ್ಲಿ ಹೊಸತೊಡಕು ಎನ್ನುತ್ತಾರೆ. ಒಕ್ಕಲು ಮನೆಗಳಲ್ಲಿ ಅಂದು ಬಾಡೂಟವಾಗಲೇಬೇಕು. ಹಳೇಬೀಡಿನ ಹತ್ತಿರದ ಹಳ್ಳಿಯೊಂದರಲ್ಲಿ ಅತ್ತೆಯ ತಮ್ಮ ಬೇಸಾಯ ಮಾಡಿಕೊಂಡಿದ್ದಾರೆ. ನಾವು ನಾಲ್ವರೂ ಅಲ್ಲಿಗೆ ಹೋದೆವು. ಅಲ್ಲಿ ಹಲವು ಮನೆಯವರು ಸೇರಿ ಕುರಿಗಳನ್ನು ಕೊಂಡು, ತೆಂಗಿನ ತೋಟದಲ್ಲಿ ಎಲ್ಲರೆದುರಿಗೇ ಕುಯ್ದು, ಬಾಳೆಎಲೆಗಳ ಮೇಲೆ ಗುಡ್ಡೆಗುಡ್ಡೆಯಾಗಿ ಪಾಲು ಹಾಕುತ್ತಾರೆ. ಬೆಳಗ್ಗೆಯೇ ಹೋಗಿ, ಕುರಿಗಳು ಇನ್ನೂ ಸೊಪ್ಪು ತಿನ್ನುತ್ತಿದ್ದಾಗಿನಿಂದ ಕೊನೆಯವರೆಗೂ ನಿಂತು ನೋಡಿದೆ. ಈ ಸಲ ನನ್ನಲ್ಲಿ ಉತ್ತರವಿರಬೇಕೆಂಬುದೊಂದೇ ಹಟ.

ಅತ್ತೆಯ ತಮ್ಮ ಕತ್ತಿ ಒರೆಸುತ್ತಾ, "ಹಳೇಬೀಡಿಗೆ ಬಂದ ಫಾರಿನ್ನೋರೆಲ್ಲ ಕಲ್ಲು ನೋಡ್ತಾರೆ, ನಮ್ ಹುಡುಗಿ ಬಾಡು ನೋಡಕ್ಕೆ ಬಂದವ್ಳೆ ಕಣ್ರಲಾ" ಎಂದರು.

ನಾನು ಧೈರ್ಯ ಮಾಡಿ, ನಮ್ಮ ಪಾಲಿಗೆ ಮೂಳೆ ಬೇಡ, ತೊಡೆಯ ಮೆತ್ತನೆ ಮಾಂಸ ಮಾತ್ರ ಕೊಡಿ, ಕೈಮಾ ಮಾಡಬೇಕು ಎಂದು ಕೇಳಿದೆ.

"ಸರಿಹೋಯ್ತು! ಮೆತ್ತಗಿರೋದೆಲ್ಲ ನೀವ್ ತಿನ್ನಿ, ಮೂಳೆ ನಾವ್ ಕಡೀತೀವಿ" ಎಂದರು ಒಬ್ಬರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರತಿ ಗುಡ್ಡೆಯಲ್ಲೂ ಮೂಳೆ, ಈಲಿ, ಕೊಬ್ಬು, ಕರುಳು ಎಲ್ಲವೂ ಸಮವಾಗಿ ಇರಬೇಕಂತೆ, ಅದೇ ಕಟ್ಟಳೆ. ನನ್ನ ಕಿವಿಗಳು ಕಾದವು. ಅತ್ತೆ ತೋಟದ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು, ಅವರು ನಗಲಿಲ್ಲ.

ಗುಡ್ಡೆಗಳು ಸಿದ್ಧವಾದ ಮೇಲೆ ಯಾರಾದರೊಬ್ಬರು ಅವುಗಳಿಗೆ ಬೆನ್ನು ಹಾಕಿ ನಿಲ್ಲಬೇಕು. ಒಬ್ಬರು ಒಂದು ಗುಡ್ಡೆಯನ್ನು ಮುಟ್ಟಿ "ಇದು ಯಾರಿಗೆ?" ಎಂದು ಕೇಳುತ್ತಾರೆ, ಬೆನ್ನು ಹಾಕಿದವರು ನೋಡದೆ ಒಂದು ಮನೆಯನ್ನು ಹೇಳಬೇಕು. ಹೇಳಿದ ಮೇಲೆ ತಕರಾರಿಲ್ಲ. ಅತ್ತೆಯ ತಮ್ಮ ನನ್ನನ್ನು ಕರೆದರು. "ಬಾರವ್ವ. ನಿಂಗೆ ಈ ಊರಲ್ಲಿ ಬೇಕಾದೋರೂ ಇಲ್ಲ, ಬ್ಯಾಡದೋರೂ ಇಲ್ಲ. ತಿರುಕ್ಕೊಂಡು ನಿಂತ್ಕೊ."

ಅಷ್ಟು ವಾರ ನೋಡುವುದಕ್ಕಾಗಿಯೇ ಅಲೆದವಳನ್ನು ನೋಡಬೇಡವೆಂದು ನಿಲ್ಲಿಸಿದರು. ಮನೆಗಳ ಗುರುತನ್ನು ನನಗೆ ಹೇಳಿಕೊಟ್ಟರು. ಬೆನ್ನ ಹಿಂದಿನಿಂದ "ಇದು ಯಾರಿಗೆ?" ಎಂದಾಗಲೆಲ್ಲ ನನ್ನ ಕುತ್ತಿಗೆ ತಾನಾಗಿ ಹೊರಳುತ್ತಿತ್ತು, ಹಿಡಿದುಕೊಂಡೆ. "ಬಾವಿ ಮನೆ." "ಮೇಲಿನ ಮನೆ." "ಅಂಗಡಿ ಮನೆ." ಮೂಳೆಯ ಮಾತು ಆಡಿದವರಿಗೇ ಬಾಲದ ಗುಡ್ಡೆ ಹೋಯಿತೆಂದು ಗದ್ದಲವೆದ್ದಿತು. "ಮೂಳೆ ನಾನೇ ಕೇಳ್ಕೊಂಡೆ, ಬಂತು ಬಿಡು" ಎಂದು ಅವರೂ ನಕ್ಕು ಎಲೆ ಎತ್ತಿಕೊಂಡರು. ಒಬ್ಬರಾದರೂ ನನ್ನ ಬಾಯಿಂದ ಬಂದದ್ದನ್ನು ಬೇಡವೆನ್ನಲಿಲ್ಲ.

ಅತ್ತೆಯ ತಮ್ಮನ ಮನೆಗೆ ಬಂದ ಮೇಲೆ ಹಿತ್ತಲಿನಲ್ಲಿ ಕುಳಿತು ನಮ್ಮ ಪಾಲಿನ ಮಾಂಸದಲ್ಲಿ ಸ್ವಲ್ಪವನ್ನು ಮೂಳೆಯಿಂದ ಬಿಡಿಸಿ, ಮರದ ತುಂಡಿನ ಮೇಲೆ ಮಚ್ಚಿನಿಂದ ಕೊಚ್ಚಿದೆ. ಉಪ್ಪು, ಮೆಣಸು, ಈರುಳ್ಳಿ ಸೇರಿಸಿದೆ. ಇಲ್ಲಿಯವರು ಕೈಮಾ ಉಂಡೆಗೆ ಹಾಕುವಂತೆ ಹುರಿಗಡಲೆ ಪುಡಿಯನ್ನೂ ಹಾಕಿದೆ, ಬಿಲ್ಲೆ ಒಡೆಯಲಿಲ್ಲ. ಎಲ್ಲರೂ ಒಳಗೆ ಊಟಕ್ಕೆ ಕುಳಿತಿದ್ದರು. ನನ್ನ ಕೆಲಸವನ್ನು ನೋಡಲು ಅಲ್ಲಿ ಒಬ್ಬರೂ ಇರಲಿಲ್ಲ. ನಾನು ಕೊಚ್ಚಿದ್ದು ತೋಟದ ಕುರಿಯೇ ಎನ್ನಲು ನನ್ನ ಮಾತಿನ ಹೊರತು ಬೇರೆ ಸಾಕ್ಷಿಯಿಲ್ಲವಲ್ಲ ಎಂಬುದು ಕಾವಲಿ ಕಾದ ಮೇಲೆ ಹೊಳೆಯಿತು. ಆದರೂ ಬಿಲ್ಲೆಗಳನ್ನು ಒಂದೊಂದಾಗಿ ಹಾಕಿದೆ.

ಅತ್ತೆ ಊಟದ ತಟ್ಟೆಯನ್ನು ಹಿಡಿದುಕೊಂಡೇ ಹೊರಗೆ ಬಂದರು. ತಟ್ಟೆಯಲ್ಲಿ ಅರ್ಧ ಮುದ್ದೆ ಇತ್ತು. ಇದು ಯಾವ ಮಾಂಸವೆಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಕಾವಲಿಯಿಂದ ಒಂದು ಬಿಲ್ಲೆಯನ್ನು ತೆಗೆದು ಮುರಿದು ನೋಡಿದರು, ಮತ್ತೆ ಕಾವಲಿಗೇ ಹಾಕಿದರು.

"ಒಳಗಡೆ ಹಸೀ ಐತೆ ಕಣೇ. ನಿಮ್ ಕಡೆ ಹಿಂಗೇ ತಿಂತೀರಾ? ಉರಿ ಕಮ್ಮಿ ಮಾಡು."

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಸೌದೆಯನ್ನು ತಾವೇ ಹಿಂದಕ್ಕೆಳೆದರು. ಅದು ಬೇಯುವವರೆಗೂ ಅಲ್ಲೇ ಕುಳಿತಿದ್ದರು. ಆಮೇಲೆ ಅದೇ ಮುರಿದ ಬಿಲ್ಲೆಯನ್ನು ತಟ್ಟೆಗೆ ಹಾಕಿಕೊಂಡರು. ನಾನು ಅರಸೀಕೆರೆಯ ಬೇಕರಿಯಿಂದ ತಂದಿದ್ದ ಬನ್ನನ್ನು ಕೊಡಹೋದರೆ, "ಅದು ಬ್ಯಾಡ, ಬರೀ ಗಾಳಿ" ಎಂದು ಮುದ್ದೆಯ ಜೊತೆಯಲ್ಲೇ ತಿಂದರು. ನಾನು ನನ್ನದನ್ನು ಬನ್ನಿನಲ್ಲಿಟ್ಟು, ನಿಂತೇ ತಿಂದೆ. ರುಚಿ ಹೇಗಿತ್ತೆಂದು ಈಗ ಕೇಳಿದರೆ ಹೇಳಲಾರೆ. ನನ್ನ ಗಮನವೆಲ್ಲ ಅವರ ತಟ್ಟೆಯ ಮೇಲಿತ್ತು.

ಅವರು ಅಂದು ನಂಬಿದ್ದು ಕುರಿಯನ್ನೋ ನನ್ನನ್ನೋ ಎಂದು ಕೇಳಲು ಹಲವು ಬಾರಿ ಬಾಯಿವರೆಗೆ ಬಂದಿದೆ. ಕೇಳಿಲ್ಲ. ಅರಸೀಕೆರೆಗೆ ಹಿಂದಿರುಗಿದ ಮೇಲೆ ಅವರು ಬೇರೆ ಅಡುಗೆ ಮಾಡಿಕೊಳ್ಳುವುದನ್ನು ಬಿಟ್ಟಿದ್ದಾರೆ. ಆದರೂ ಅವರು ತಟ್ಟೆಯ ಮುಂದೆ ಕುಳಿತಾಗಲೆಲ್ಲ, ಮೊದಲ ತುತ್ತು ಒಳಗೆ ಹೋಗುವವರೆಗೆ ನಾನು ಬಾಗಿಲ ಬಳಿ ಸುಮ್ಮನೆ ನಿಂತಿರುತ್ತೇನೆ. "ಏನೇ, ಕಂಬದಂಗೆ ನಿಂತಿದ್ದೀಯ, ಬಾ ಕೂತ್ಕೊ" ಎನ್ನುತ್ತಾರೆ. ಆಮೇಲೆ ಕುಳಿತುಕೊಳ್ಳುತ್ತೇನೆ.

ಈ ಬರಹವನ್ನು ಮಾವನವರಿಗೆ ತೋರಿಸಿಲ್ಲ. ತೋರಿಸಿದರೆ ಅವರು ಅಕ್ಷರಗಳ ಜೊತೆಗೆ ಸಂಗತಿಗಳನ್ನೂ ತಿದ್ದಿಬಿಡುತ್ತಾರೆಂಬ ಭಯ. ಆದಕಾರಣ ಒತ್ತು, ದೀರ್ಘ, ವಿಭಕ್ತಿ ಎಲ್ಲಿ ತಪ್ಪಿದ್ದರೂ ತಾವೇ ದಯಮಾಡಿ ತಿದ್ದಿ ಓದಿಕೊಳ್ಳಬೇಕಾಗಿಯೂ, ತಿದ್ದಿದ್ದನ್ನು ನನಗೂ ತಿಳಿಸಬೇಕಾಗಿಯೂ ಕೋರುತ್ತೇನೆ.