ಕಪಾಟಿನೊಳಗಿನ ಮೆಂತೆ

ಮಗ್ದಲೀನ್ ಬಾಯಿ ಯುಎಇಯ ಅಲ್ ಐನ್‌ನ ಒಂದು ಶಾಲೆಯಲ್ಲಿ ಆರನೇ ತರಗತಿಗೆ ವಿಜ್ಞಾನ ಕಲಿಸುತ್ತಾರೆ. ಗಂಡ ಆಗಸ್ಟಿನ್ ತೀರಿಕೊಂಡ ಮೇಲೆ ಸಂಜೆಯ ಜಪಸರದ ಪ್ರಾರ್ಥನೆಗೆ ಪಕ್ಕದ ಮನೆಯ ನಾನು ಅವರ ಫ್ಲಾಟಿಗೆ ಹೋಗುತ್ತೇನೆ. ಯಾರಿಗಾಗಿ ಪ್ರಾರ್ಥನೆ ಎಂದು ಮೊದಲೇ ಹೇಳುವುದು ನಮ್ಮ ರೂಢಿ. ಬಾಯಿ ದಿನವೂ, "ನನ್ನ ಕ್ಷಮೆಗಾಗಿ," ಎನ್ನುತ್ತಿದ್ದರು. ಮುಗಿದ ಮೇಲೆ ಅದೇ ಮಾತು: "ಅವರನ್ನು ಕೊಂದದ್ದು ನಾನೇ."

ಆಗಸ್ಟಿನ್‌ಗೆ ರಕ್ತದೊತ್ತಡವಿತ್ತು. ಡಾಕ್ಟರು ಮಾತ್ರೆ ಬದಲಿಸಿದ ವಾರವೇ ಬಾಯಿ ಅಡುಗೆಯಲ್ಲಿ ಉಪ್ಪು ಬಿಟ್ಟರು, ಸಂಜೆಯ ಸೆಕೆಯಲ್ಲೂ ಅವರನ್ನು ನಡೆಯಲು ಕಳಿಸಿದರು. "ನಿನ್ನ ಲ್ಯಾಬಿನ ಇಲಿ ಮಾರಾಯ್ತಿ ನಾನು," ಎಂದು ನಗುತ್ತ ಅವರು ಬೂಟು ಹಾಕಿಕೊಳ್ಳುತ್ತಿದ್ದರು. ಒಂದು ಸಂಜೆ ಪಾರ್ಕಿನ ಬೆಂಚಿನಿಂದ ಏಳಲಿಲ್ಲ.

ಈ ವರ್ಷ ಬಾಯಿ ಮಕ್ಕಳಿಂದ ಎರಡು ಲೋಟಗಳಲ್ಲಿ ಮೆಂತೆ ಬಿತ್ತಿಸಿದರು. ಅದೇ ಹತ್ತಿ, ಅಷ್ಟೇ ಕಾಳು, ಅಷ್ಟೇ ನೀರು. ಇವು ಕಾನ್‌ಸ್ಟಂಟ್, ಬದಲಾಗಬಾರದು. ಒಂದು ಲೋಟ ಕಿಟಕಿಯಲ್ಲಿ, ಇನ್ನೊಂದು ಕಪಾಟಿನೊಳಗೆ. ಬೆಳಕೊಂದೇ ವೇರಿಯಬಲ್, ಬದಲಾಗುವುದು ಅದು ಮಾತ್ರ.

ಕೆಲವು ದಿನಗಳ ಮೇಲೆ ಕಪಾಟು ತೆರೆದರೆ ಮೊಳಕೆ ಕೊಳೆತು ನಾರುತ್ತಿತ್ತು.

"ಖಲಾಸ್!" ಎಂದು ನಿಖಿಲ್ ಕೂಗಿದ. ಎಲ್ಲರೂ ನಕ್ಕರು. ಸಮೀಕ್ಷಾ ಮಾತ್ರ ನಗಲಿಲ್ಲ. ಗಂಟೆ ಹೊಡೆದ ಮೇಲೆ ಮೇಜಿನ ಬಳಿ ಬಂದು ನಿಂತಳು.

"ಮಿಸ್, ಪಾಪ ಅಲ್ವಾ, ಅದು ಕತ್ತಲೇಲಿತ್ತು. ಅದಕ್ಕೇ ಐ ಗೇವ್ ಎಕ್ಸ್‌ಟ್ರಾ ವಾಟರ್. ಡೈಲಿ." "ನಾನೇ ಸಾಯಿಸಿದ್ನಾ?"

"ಕತ್ತಲೆಯಿಂದಲೋ ನೀರಿನಿಂದಲೋ, ಇನ್ನು ಹೇಳಲಿಕ್ಕೆ ಬರುವುದಿಲ್ಲ ಮಗಾ. ಎರಡೂ ಒಟ್ಟಿಗೆ ಬದಲಾಯಿತಲ್ಲ," ಎಂದರು ಬಾಯಿ.

ಆ ಸಂಜೆ ಇದನ್ನೆಲ್ಲ ನನಗೆ ಹೇಳಿದರು. ಕೊನೆಗೆ, "ನಿಮಗೂ ಅದೇ ಉತ್ತರ ಅಲ್ಲವಾ ಬಾಯಿ?" ಎಂದೆ.

"ಹೌದು. ಮಾತ್ರೆಯೋ, ಉಪ್ಪೋ, ಸೆಕೆಯೋ, ಇಲ್ಲ ಅವರ ಆಯುಸ್ಸೇ ಅಷ್ಟೋ. ಆ ಹುಡುಗಿಗೆ ಇನ್ನೊಂದು ಲೋಟ ಕೊಟ್ಟೆ, ಪುನಃ ಬಿತ್ತುತ್ತಾಳೆ. ನನಗೆ ಇದ್ದದ್ದು ಒಬ್ಬರೇ." ಸೆರಗಿನಿಂದ ಕಣ್ಣೊರಸಿಕೊಂಡರು. "ನಾನೇ ಕೊಂದದ್ದು ಅಂತಾದರೆ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಬಹುದಿತ್ತು. ಗೊತ್ತಿಲ್ಲ ಎನ್ನುವುದನ್ನು ಯಾರಿಗೆ ನಿವೇದಿಸುವುದು?"



ಮರುದಿನ ಮೊಂಬತ್ತಿ ಹಚ್ಚಿ ಮೊಣಕಾಲೂರಿದೆವು. ಈ ಸಲ ಬಾಯಿ "ನನ್ನ ಕ್ಷಮೆಗಾಗಿ" ಎನ್ನಲಿಲ್ಲ.

"ಆಗಸ್ಟಿನ್‌ಗಾಗಿ," ಎಂದರು.

ಜಪಸರವನ್ನು ನನ್ನ ಕೈಗಿಟ್ಟರು. ಜಪ ನಾನೇ ಶುರು ಮಾಡಿದೆ.