ಟಾಸ್ ಸೋತ ಮೇಷ್ಟ್ರು

ಮೇಷ್ಟ್ರ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಕಬಡ್ಡಿಯಲ್ಲಿ ಮುರಿದದ್ದು, ಕೂಡಿಕೊಳ್ಳುವಾಗ ಹೊರಗೆ ಬಾಗಿ ನಿಂತಿತ್ತು. ನನ್ನ ಬೈಕಿನ ಹಿಂದೆ ಕೂತು ಭುಜದ ಮೇಲೆ ಕೈಯಿಟ್ಟರೆ ನಾಲ್ಕು ಬೆರಳು ಮಾತ್ರ ತಾಗುತ್ತಿದ್ದವು, ಐದನೆಯದು ಗಾಳಿಯಲ್ಲಿರುತ್ತಿತ್ತು.

ಹೊನ್ನಾಳಿಯ ಹೈಸ್ಕೂಲಿನಲ್ಲಿ ನನಗೆ ಆಟ ಕಲಿಸಿದವರು ಅವರು. ನಿವೃತ್ತರಾದ ಮೇಲೂ ನ್ಯಾಮತಿಯ ಮೈದಾನದಲ್ಲಿ ಹುಡುಗಿಯರಿಗೆ ಕಬಡ್ಡಿ ಹೇಳಿಕೊಡುತ್ತಿದ್ದರು. ಅದೇ ಊರಿನ ಕಾಲೇಜಿನಲ್ಲಿ ಪಾಠ ಮಾಡುವ ನಾನು ಬೆಳಿಗ್ಗೆ ಅವರನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ಅವರ ಎರಡು ನಿಯಮ ಯಾರಿಗೂ ಸಡಿಲವಾಗುತ್ತಿರಲಿಲ್ಲ. ಟಾಸ್ ಒಂದೇ ಸಲ. ಜೇಬಿನಲ್ಲಿರುವ ಹುರಿದ ಶೇಂಗಾ ಮೊದಲು ಸೋತವರಿಗೆ. "ಗೆದ್ದೋರ ಹೊಟ್ಟೆ ಆಗ್ಲೇ ತುಂಬೈತೆ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ರಸ್ತೆಯ ತಿರುವಿನಲ್ಲಿ ಆ ನಾಲ್ಕು ಬೆರಳು ನನ್ನ ಭುಜವನ್ನು ಕಿತ್ತು ತೆಗೆಯುವಂತೆ ಹಿಡಿದವು. ತಮಾಷೆ ಎಂದುಕೊಂಡೆ. ಮರುಕ್ಷಣ ಅವರ ಇಡೀ ಮೈ ಸೆಟೆದು ಬೈಕು ಬಲಕ್ಕೆ ವಾಲಿತು. ಎದುರಿಗೆ ಮೆಕ್ಕೆಜೋಳದ ಲಾರಿ. ಎಡಕ್ಕೆ ಹೇಗೆ ಎಳೆದೆನೋ ಗೊತ್ತಿಲ್ಲ. ಇಬ್ಬರೂ ರಸ್ತೆ ಬದಿಯ ಹುಲ್ಲಿನಲ್ಲಿ ಬಿದ್ದಿದ್ದೆವು. ಲಾರಿಯ ಗಾಳಿ ಮುಖಕ್ಕೆ ಹೊಡೆದದ್ದು ಈಗಲೂ ನಿದ್ದೆಯಲ್ಲಿ ಬರುತ್ತದೆ. ಫಿಟ್ಸಿಗೆ ಕಬ್ಬಿಣ ಹಿಡಿಸಬೇಕೆಂದು ಯಾರೋ ಬೈಕಿನ ಕೀ ಕಿತ್ತು ಅವರ ಮುಷ್ಟಿಗೆ ತುರುಕಿದರು. ಆಮೇಲೆ ಅದನ್ನು ಕೇಳಿ ಮೇಷ್ಟ್ರು ನಕ್ಕರು: "ನಿನ್ ಡ್ರೈವಿಂಗ್ ನೋಡಿ, ಗಾಡಿ ನಂಗೇ ಓಡ್ಸಾಕೆ ಕೊಟ್ಟಾರೆ ಕಣೋ."

ತಲೆಯಲ್ಲಿ ಗೆಡ್ಡೆ, ಬೇಗ ಬೆಳೆಯುವಂಥದ್ದು. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆದರೂ ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರಮ್ಮ. ಆ ಆಸ್ಪತ್ರೆಯಲ್ಲಿ ವಯಸ್ಸಾದವರಿಗೂ ಮಕ್ಕಳಿಗೂ ಬರುವ ಇಂಥ ಗೆಡ್ಡೆಗಳ ಬಗ್ಗೆ ಸಂಶೋಧನೆ ನಡೆದಿತ್ತು. ಕೆಲವರಿಗೆ ಈಗಿರುವ ಚಿಕಿತ್ಸೆ, ಕೆಲವರಿಗೆ ಅದರ ಜೊತೆ ಒಂದು ಹೊಸ ಔಷಧ. ಯಾರಿಗೆ ಯಾವುದೆಂದು ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತದೆ. "ಹೊಸದೇ ಮೇಲು ಅಂತ ನಮಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಈ ಪರೀಕ್ಷೆ. ಸೇರೋದು ಬಿಡೋದು ನಿಮ್ಮಿಷ್ಟ" ಎಂದರು.

ಮೇಷ್ಟ್ರು ಸೇರಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಎದುರಿಗೆ ಜಗಳೂರಿನ ಒಬ್ಬ ಪುಟ್ಟ ಹುಡುಗಿ, ಅಂಥದೇ ಕಾಯಿಲೆ, ತಲೆಗೆ ಬಟ್ಟೆ ಕಟ್ಟಿಕೊಂಡು ಅಮ್ಮನ ತೊಡೆಯ ಮೇಲೆ ಮಲಗಿದ್ದಳು. ಮೇಷ್ಟ್ರ ಭಾವಮೈದ, ಚನ್ನಗಿರಿಯ ಅಡಿಕೆ ವ್ಯಾಪಾರಿ, ಆಗಲೇ ಫೋನ್ ಹೊರತೆಗೆದಿದ್ದ.

"ಭಾವ, ಬೆಂಗ್ಳೂರಾಗೆ ನಮ್ಮೋರು ಅದಾರೆ. ಒಂದ್ ಮಾತು ಹೇಳ್ಸಿದ್ರೆ ಹೊಸ ಔಷಧದ ಕಡೀಗೆ ಹಾಕ್ತಾರೆ."

"ಟಾಸ್ ಹಾಕೋನ ಕೈ ಹಿಡ್ಕಂಡು ಗೆದ್ದೋನಲ್ಲ ನಾನು. ಒಳಗಿಡು ಫೋನು."

"ಇದು ಕಬಡ್ಡಿ ಅಲ್ಲ ಭಾವ, ಜೀವ!"

"ಅದಕ್ಕೇ ಕಣೋ. ವಶೀಲಿ ಇದ್ದೋರೆಲ್ಲ ಒಂದೇ ಕಡೆ ನುಗ್ಗಿದ್ರೆ, ಯಾವ್ದು ಕೆಲ್ಸ ಮಾಡ್ತು ಅಂತ ಅವ್ರಿಗೆ ಹೆಂಗೆ ತಿಳೀತೈತೆ? ನಾಳೆ ಇಂಥ ಕೂಸಿಗೆ ಏನಂತ ಕೊಡ್ತಾರೆ?"

ಕಂಪ್ಯೂಟರ್ ಅವರನ್ನು ಈಗಿರುವ ಚಿಕಿತ್ಸೆಯ ಕಡೆಗೇ ಹಾಕಿತು. ಸುದ್ದಿ ಕೇಳಿ, ಪಕ್ಕದಲ್ಲೇ ಕೂತಿದ್ದ ಅವರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೇಷ್ಟ್ರು ಸೊಟ್ಟ ಬೆರಳಿನ ಕೈ ಚಾಚಿದರು.

"ಸೋತೋರಿಗೆ ಶೇಂಗಾ ಎಲ್ಲೇ?"

"ಏನ್ರೀ ನೀವು, ಇಲ್ಲೂನೂ..." ಅಳುತ್ತಲೇ ನಕ್ಕುಬಿಟ್ಟರು ಆಕೆ. ಶೇಂಗಾ ಚೀಲದಲ್ಲೇ ಇತ್ತು. ಒಂದು ಹಿಡಿ ಎದುರು ಬೆಂಚಿಗೂ ಹೋಯಿತು.

"ನೀವು ಸೋತ್ರಾ ತಾತ?" ಎಂದು ಕೇಳಿದಳು ಹುಡುಗಿ.

"ಟಾಸ್ ಅಷ್ಟೇ ಕಣವ್ವ. ಆಟ ಇನ್ನೂ ಐತೆ."

ಆಟ ಚೆನ್ನಾಗಿಯೇ ನಡೆಯಿತು. ಬೈಕು ಬಿಟ್ಟು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಹುಡುಗಿಯರನ್ನು ಮನಸಾರೆ ಬೈಯುತ್ತಿದ್ದರು. ಕೊನೆಗೆ ಮಾತು ಕಡಿಮೆಯಾಗಿ, ಮನೆಯಲ್ಲೇ, ಹೆಂಡತಿಯ ಕೈ ಹಿಡಿದುಕೊಂಡೇ ಹೋದರು. ಸಂಶೋಧನೆ ಇನ್ನೂ ಮುಗಿದಿಲ್ಲ. ಯಾವ ಚಿಕಿತ್ಸೆ ಮೇಲೆಂದು ಯಾರಿಗೂ ಗೊತ್ತಿಲ್ಲ. ಆದರೆ ಅದರೊಳಗೆ ಮೇಷ್ಟ್ರ ಪಾಲು ಮೋಸವಿಲ್ಲದೆ ಸೇರಿದೆ. ನನಗೆ ಅಷ್ಟು ನೆಮ್ಮದಿ.

ಆ ತಿರುವು ಬಂದರೆ ಈಗಲೂ ಭುಜ ತಾನಾಗಿ ಬಿಗಿಯುತ್ತದೆ, ಗಾಡಿ ನಿಧಾನ ಮಾಡುತ್ತೇನೆ. ಬೆಳಿಗ್ಗೆ ನಾಣ್ಯ ಹಾರಿಸುವ ಕೆಲಸ ಈಗ ನನ್ನದು. ಮೊನ್ನೆ ಟಾಸ್ ಸೋತ ಹುಡುಗಿ ಮುಖ ಊದಿಸಿಕೊಂಡಳು: "ಸರಿಯಾಗಿ ತಿರುಗ್ಲೇ ಇಲ್ಲ ಸಾರ್, ಇನ್ನೊಂದ್ಸಲ ಹಾಕ್ರಿ."

ನಾಣ್ಯವನ್ನು ಜೇಬಿಗೆ ಬಿಟ್ಟೆ. ಅಲ್ಲಿ ಶೇಂಗಾ ಇನ್ನೂ ಬೆಚ್ಚಗಿತ್ತು.