ಹಬ್ಬದ ದಿನ ಹಳೆಯ ನೀರು

ಗುತ್ತಲಿನ ಆ ಮನೆಗೆ ವೀಣ ಸೊಸೆಯಾಗಿ ಬಂದು ಹನ್ನೊಂದು ವರ್ಷ. ಅಷ್ಟು ವರ್ಷಕ್ಕೆ ಅಲ್ಲಿ ಅವಳದು ಅಂತ ಇದ್ದದ್ದು ಬೀರುವಿನಲ್ಲಿ ಎರಡು ಅರೆ, ಮತ್ತು ಕಳೆದ ಬೇಸಿಗೆಯಿಂದ ಹಿತ್ತಲಿನ ಮೂಲೆಯಲ್ಲಿ ಒಂದು ಮೀನಿನ ತೊಟ್ಟಿ.

ಅದು ಮೊದಲು ಹಸು ಕಟ್ಟುತ್ತಿದ್ದ ಜಾಗ. ಅತ್ತೆ ಬೆಳ್ಳಮ್ಮ ಮಂಡಿನೋವಿಗೆ ಸೋತು ಕೊನೆಯ ಹಸುವನ್ನೂ ಮಾರಿದ ಮೇಲೆ ಕೊಟ್ಟಿಗೆ ಬರಿದಾಗಿತ್ತು. ಮೈದುನ ಸಿದ್ದೇಶ್ ಅಲ್ಲಿ ಕಾರು ನಿಲ್ಲಿಸಲು ಶೀಟು ಹಾಕಿಸಬೇಕೆಂದಿದ್ದ. ಅವನು ಇಂದು ನಾಳೆ ಅನ್ನುವುದರೊಳಗೆ ವೀಣ ಹಳೆಯ ಸಿಮೆಂಟ್ ತೊಟ್ಟಿಗೆ ನೀರು ತುಂಬಿ, ಅದರ ಮೇಲೆ ಅಡ್ಡಲಾಗಿ ಸೀಳಿದ ನೀಲಿ ಡ್ರಮ್ ಕೂರಿಸಿ, ಡ್ರಮ್ಮಿಗೆ ಜಲ್ಲಿ ಸುರಿದಿದ್ದಳು. ಕೆಳಗೆ ಮೀನು, ಮೇಲೆ ಗಿಡ. ಕೂಲರಿನ ಪುಟ್ಟ ಪಂಪು ತೊಟ್ಟಿಯ ನೀರನ್ನು ಜಲ್ಲಿಗೆ ಎತ್ತುತ್ತದೆ. ಮೀನಿನ ಹೊಲಸು ಗಿಡಕ್ಕೆ ಗೊಬ್ಬರವಾಗುತ್ತದೆ, ತಿಳಿಯಾದ ನೀರು ಮತ್ತೆ ಮೀನಿಗೆ ಇಳಿಯುತ್ತದೆ. ಮದ್ದೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದ ಅವಳು ದಿನವೂ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ ಅದು.

"ಮಣ್ಣಿಲ್ದೆ ಬೆಳೆ!" ಬೆಳ್ಳಮ್ಮ ಪಕ್ಕದ ಮನೆಗೂ ಕೇಳುವ ಹಾಗೆ ಅಂದಳು. "ಬತ್ತ ಕಬ್ಬು ಬೆಳ್ದೋರ ಮನೆ ಕಣಮ್ಮೀ ಇದು. ನಿಮ್ಮ ತವ್ರೂರು ಅಲಗೂರಲ್ಲಿ ಇಂಗೇನಾ ಬೆಳೆಯದು, ಕಲ್ಗೆ ಮೀನಿನ ಉಚ್ಚೆ ಉಯ್ದು?"

"ಬೆಳೆದಾಗ ನೋಡುವಿರಂತೆ ಅತ್ತೆ."

"ನೋಡಾಕೆ ನಾನು ಬದುಕಿರಬೇಕಲ್ಲ, ನಿನ್ ತೊಟ್ಟಿ ಸೊಳ್ಳೆ ಕಚ್ಚಿಸ್ಕೊಂಡು."

ಮೊದಲ ತಪ್ಪು ವೀಣಳದೇ. ನೀರು ತುಂಬಿದ ದಿನವೇ ನಲವತ್ತು ಗೆಂಡೆ ಮೀನಿನ ಮರಿ ಬಿಟ್ಟಳು. ಹಸುವಿನ ಮುಂದೆ ಇಟ್ಟ ಹಾಗೆ ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಕಡಲೆಕಾಯಿ ಹಿಂಡಿ ಹಾಕಿದಳು. ಐದನೇ ದಿನಕ್ಕೆ ನೀರು ಗಂಜಿಯಂತೆ ಬೆಳ್ಳಗಾಯಿತು. ಆರನೇ ದಿನ ಹನ್ನೊಂದು ಮರಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಮೊದಲು ನೋಡಿದವಳು ಬೆಳ್ಳಮ್ಮ.

ಅವತ್ತು ಬೆಳ್ಳಮ್ಮ ಇಬ್ಬರು ಮಕ್ಕಳನ್ನೂ ಹಿತ್ತಲಿಗೆ ಕರೆದಳು. ವೀಣಳ ಗಂಡ ಯತೀಶ್ ಎಂದಿನಂತೆ ನೆಲ ನೋಡುತ್ತ ನಿಂತ.

"ಇನ್ನೊಂದ್ಸಲ ಸತ್ತ ಮೀನು ನನ್ ಕಣ್ಗೆ ಬಿತ್ತೋ, ಅವತ್ಗೆ ಈ ತೊಟ್ಟಿ ಆಚ್ಗೆ. ಜಾಗ ಸಿದ್ದೇಶನ್ಗೆ. ಯೋಳಿವ್ನಿ."

"ನಾನು ಸಾಕ್ಷಿ ಅತ್ಗೆ," ಅಂದ ಸಿದ್ದೇಶ್, ನಗುತ್ತ.

ವೀಣ ಸತ್ತವನ್ನು ತೆಂಗಿನ ಬುಡದಲ್ಲಿ ಹೂತಳು. ಅಲ್ಲಿಂದ ಅವಳ ಕಲಿಕೆ ಶುರುವಾಯಿತು. ಜಲ್ಲಿ ಬರೀ ಕಲ್ಲಲ್ಲ, ಅದಕ್ಕೆ ಒಂದು ಲೋಳೆ ಹತ್ತಬೇಕು. ಕಣ್ಣಿಗೆ ಕಾಣದ ಜೀವಗಳ ಲೋಳೆ. ಮೀನಿನ ವಿಷವನ್ನು ಗಿಡದ ಅನ್ನ ಮಾಡುವುದು ಅದು. ಹತ್ತಲು ಒಂದೂವರೆ ತಿಂಗಳು ಬೇಕು. ಅಲ್ಲಿಯವರೆಗೆ ಚಿಟಿಕೆ ಮೇವು. ನಲ್ಲಿಯ ನೀರಾದರೆ ಎರಡು ದಿನ ಬಿಸಿಲಿಗೆ ಇಟ್ಟು, ಬ್ಲೀಚಿಂಗ್ ಪೌಡರಿನ ವಾಸನೆ ಹೋದ ಮೇಲೆ ಹಾಕಬೇಕು. ದಿನವೂ ಬೆರಳಿನಿಂದ ಒಂದು ಕಲ್ಲನ್ನು ಸವರಿ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಕಲ್ಲು ಜಾರಿತು. ಎಷ್ಟೋ ದಿನಗಳ ಮೇಲೆ ಅವಳು ಒಬ್ಬಳೇ ನಕ್ಕಳು.

ಮಳೆ ಬರುವ ಹೊತ್ತಿಗೆ ಪುದೀನ ಡ್ರಮ್ಮಿನ ಅಂಚು ದಾಟಿ ಬಗ್ಗಿತ್ತು. ಬೆಳ್ಳಮ್ಮ ಅದನ್ನು ಮುಟ್ಟದೆ ಮಾರ್ಕೆಟ್ಟಿನಿಂದ ಕಟ್ಟು ತರಿಸಿ ಚಟ್ನಿ ಅರೆಯುತ್ತಿದ್ದಳು. ಮೂರು ಮನೆಯಾಚೆಯ ಮಲ್ಲಿಗಮ್ಮ ಮಾತ್ರ ಕೇಳಿ ಒಯ್ಯುತ್ತಿದ್ದಳು. ಆಷಾಢದಲ್ಲಿ ಅವಳ ಗಂಡ ತೀರಿಕೊಂಡ ಮೇಲೆ ಅವಳೂ ಬರುವುದನ್ನು ಬಿಟ್ಟಳು. ಉಳಿದ ಇಪ್ಪತ್ತೊಂಬತ್ತು ಗೆಂಡೆ ಅಂಗೈಯಷ್ಟು ಉದ್ದವಾದವು. ಒಂದೂ ತೇಲಲಿಲ್ಲ. ಬೆಳ್ಳಮ್ಮ ದಿನಕ್ಕೆರಡು ಸಲ ಬಂದು ತೊಟ್ಟಿಗೆ ಬಗ್ಗಿ ನೋಡಿ, ಏನೂ ಸಿಗದೆ, ಉಗಿದು ಹೋಗುತ್ತಿದ್ದಳು.

ದೀಪಾವಳಿಗೆ ನೀರು ತುಂಬುವ ದಿನ ಕಾಲೇಜಿಗೆ ರಜೆ ಇರಲಿಲ್ಲ. ವೀಣ ಬೆಳಿಗ್ಗೆಯೇ ಬಸ್ಸು ಹಿಡಿದಳು. ಆ ದಿನ ಮನೆಯ ಹಳೆಯ ನೀರನ್ನೆಲ್ಲ ಚೆಲ್ಲಿ, ಹಂಡೆ, ಕೊಡ, ಬಾನಿ, ತೊಟ್ಟಿ ಎಲ್ಲವನ್ನೂ ಹುಣಸೆಹಣ್ಣು ಬೂದಿ ಹಾಕಿ ಉಜ್ಜಿ, ಸುಣ್ಣದ ಪಟ್ಟೆ ಎಳೆದು, ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಾರೆ. ಮಾರನೆಯ ಬೆಳಗಿನ ಎಣ್ಣೆ ನೀರಿಗೆ ಅದೇ ನೀರು.

ಸಂಜೆ ಅವಳು ಬಂದಾಗ ಬೆಳ್ಳಮ್ಮ ಬೀದಿಗೆ ತೆರೆಯುವ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದಳು. ಸೀರೆ ಮೊಣಕಾಲವರೆಗೆ ಒದ್ದೆ. ತೊಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತ ಮೂರು ಸುಣ್ಣದ ಪಟ್ಟೆ, ಕೊರಳಿಗೆ ಹಾಗಲಬಳ್ಳಿ. ಡ್ರಮ್ಮಿನ ಜಲ್ಲಿ ಒಂದೊಂದೂ ಅಕ್ಕಿ ತೊಳೆದ ಹಾಗೆ ಶುಭ್ರ. ಪುದೀನವನ್ನು ಕಿತ್ತು ಮತ್ತೆ ನೆಟ್ಟಾಗಿತ್ತು.

"ಯಾರೂ ಇಲ್ಲ ಅಂತ ನಾನೊಬ್ಳೇ ಮಂಕರೀಲಿ ತುಂಬ್ಕೊಂಡು ಅಷ್ಟ್ ಕಲ್ಲೂ ತೊಳ್ದಿವ್ನಿ," ಅಂದಳು ಬೆಳ್ಳಮ್ಮ. "ಏನ್ ಲೋಳೆ, ಏನ್ ನಾತ! ಮನೆ ಪಾತ್ರೆಗೆಲ್ಲ ಪಟ್ಟೆ ಎಳ್ದು ಇದೊಂದ್ನ ಬುಟ್ರೆ ಏನ್ ಚೆನ್ನಾಗಿರ್ತದೆ? ನೋಡು, ಒಸ ನೀರ್ಗೆ ಎಂಗೆ ಮೇಲ್ಬಂದು ಆಡ್ತಾವೆ ನಿನ್ ಮೀನು."

ಮೀನು ಆಡುತ್ತಿರಲಿಲ್ಲ. ಬಾಯಿ ನೀರಿನ ಮೇಲಿಟ್ಟು ಗಾಳಿ ನುಂಗುತ್ತಿದ್ದವು. ತೊಟ್ಟಿಯಿಂದ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಎರಡು ಆಗಲೇ ವಾಲಿದ್ದವು.

"ಹಳೆ ನೀರೆಲ್ಲಿ?"

"ತೆಂಗಿಗೆ ಉಯ್ದೆ. ಯಾಕೆ?"

"ಒಂದು ಬಿಂದಿಗೆಯೂ ಉಳಿಸಲಿಲ್ಲವಾ ಅತ್ತೆ?"

"ಅಬ್ಬದ ದಿನ ಅಳೆ ನೀರು ಇಟ್ಕೋತಾರೇನಮ್ಮೀ? ನಿಮ್ಮವ್ವ ಅದೂ ಕಲ್ಸಿಲ್ವಾ?"

ವೀಣ ಬಕೆಟ್ ಹಿಡಿದು ಬೀದಿಗೆ ಓಡಿದಳು. ಮೊದಲ ಮನೆಯವರು ಹೊಸ ನೀರಿನ ಹಂಡೆ ತೋರಿಸಿದರು. ಎರಡನೆಯ ಮನೆಯಲ್ಲೂ ಅದೇ. ಇಡೀ ಬೀದಿಯಲ್ಲಿ ಪ್ರತಿ ಪಾತ್ರೆಯೂ ಅವತ್ತಿನ ನಲ್ಲಿಯ ನೀರಿನಿಂದ ತುಂಬಿತ್ತು. ಹಳೆಯ ನೀರು ಕೇಳಿದ್ದಕ್ಕೆ ಒಬ್ಬರು ಮುಖ ಸಿಂಡರಿಸಿ ಬಾಗಿಲು ಮುಂದೆ ಮಾಡಿಕೊಂಡರು. ಆಗ ಅವಳಿಗೆ ಮಲ್ಲಿಗಮ್ಮನ ನೆನಪಾಯಿತು. ಸಾವಾದ ಮನೆಗೆ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಮಲ್ಲಿಗಮ್ಮನ ಹಿತ್ತಲಿನ ಕಲ್ಲುಬಾನಿಯಲ್ಲಿ ವಾರದ ಹಿಂದಿನ ನೀರು, ಪಾಚಿ ಕಟ್ಟಿ, ತಣ್ಣಗೆ ನಿಂತಿತ್ತು.

"ತಕೊಂಡೋಗವ್ವ," ಅಂದಳು ಮಲ್ಲಿಗಮ್ಮ. "ಆದ್ರೆ ನಿಮ್ಮತ್ತೆ ಬುಡ್ತಾಳಾ ಕೇಳು."

ಬೆಳ್ಳಮ್ಮ ಬಿಡಲಿಲ್ಲ. ಬಕೆಟ್ ಕಂಡವಳೇ ಎದ್ದು ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟಳು.

"ಯಾರ್ ಮನೇದು?"

"ಮಲ್ಲಿಗಮ್ಮನವರದು."

"ಸಾವಿನ್ ಮನೆ ನೀರ ನೀರ್ ತುಂಬೋ ದಿನ ಒಳೀಕೆ ತತ್ತೀಯಾ? ನನ್ ಮಕ್ಕಳು ಬದುಕಬೇಕೋ ಬ್ಯಾಡವೋ?"

"ಮೀನು ಸಾಯ್ತಿವೆ. ಸಾಯಿಸಿದ್ದು ನೀವು."

ಹನ್ನೊಂದು ವರ್ಷದಲ್ಲಿ ಅವಳು ಅತ್ತೆಗೆ ಹಾಗೆ ಅಂದದ್ದು ಅದೇ ಮೊದಲು. ಬೆಳ್ಳಮ್ಮ ತಿರುಗಿ ತೊಟ್ಟಿ ನೋಡಿದಳು. ಈಗ ಐದು ಹೊಟ್ಟೆ ಬೆಳ್ಳಗೆ ಕಾಣುತ್ತಿದ್ದವು. ಬಾಗಿಲಿಗೆ ಇಟ್ಟ ಕೈ ಕದಲಲಿಲ್ಲ. ಆ ಕೈಯ ಬೆರಳುಗಳ ತುದಿ ಜಲ್ಲಿಗೆ ತರಚಿ ಕೆಂಪಾಗಿದ್ದದ್ದು ವೀಣಳಿಗೆ ಕಂಡಿತು. ಕಂಡರೂ ಅವಳ ಸಿಟ್ಟು ಇಳಿಯಲಿಲ್ಲ.

"ಆ ನೀರು ಒಳೀಕೆ ಬರಕೂಡ್ದು," ಅಂದಳು ಬೆಳ್ಳಮ್ಮ. "ಬೇಕಾದ್ರೆ ಮೀನ ಅಲ್ಗೆ ಒತ್ಕೊಂಡೋಗು."

ವೀಣ ಬಕೆಟ್ಟನ್ನು ಹೊಸ್ತಿಲಾಚೆಯೇ ಇಟ್ಟಳು. ಬಟ್ಟೆಯ ಜಾಲರಿಯಲ್ಲಿ ನಾಲ್ಕು ನಾಲ್ಕೇ ಮೀನು ಎತ್ತಿ ತಂದು ಅದಕ್ಕೆ ಬಿಟ್ಟಳು, ಹೊತ್ತುಕೊಂಡು ಹೋಗಿ ಕಲ್ಲುಬಾನಿಗೆ ಸುರಿದು ಮತ್ತೆ ಬಂದಳು. ಬೆಳ್ಳಮ್ಮ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತಿದ್ದಳು. ಸಹಾಯ ಮಾಡಲಿಲ್ಲ, ಬೈಯಲೂ ಇಲ್ಲ. ಕೊನೆಗೆ ತೊಟ್ಟಿಯಲ್ಲಿ ಉಳಿದದ್ದು ಒಂಬತ್ತು, ಎಲ್ಲವೂ ತೇಲುತ್ತ.

ಆಗಲೇ ಸಿದ್ದೇಶ್ ಬಂದು ತೊಟ್ಟಿಗೆ ಬಗ್ಗಿದ.

"ಅವ್ವ, ತೇಲ್ದವಲ್ಲ! ಮಾತು ಅಂದ್ರೆ ಮಾತು. ಅಬ್ಬ ಕಳೀತಲೂ ಶೀಟ್ನೋನ್ಗೆ ಯೋಳ್ಲಾ?"

ವೀಣ ಕೈಯಲ್ಲಿ ಜಾಲರಿ ಹಿಡಿದು ನಿಂತಳು. ತಮ್ಮನ ಹಿಂದೆಯೇ ಬಂದಿದ್ದ ಯತೀಶ್ ನೆಲ ನೋಡಿದ.

"ನಾ ಯೋಳಿದ್ದು ಅವಳ ಕೈಲಿ ಸತ್ರೆ ಅಂತ," ಬೆಳ್ಳಮ್ಮ ಅಂದಳು. "ಇವು ನನ್ ಕೈಲಿ ಸತ್ತೋ ಕಣ್ಲಾ. ನಾ ಕೊಂದಿದ್ಕೆ ಅವಳ ಜಾಗ ಕಿತ್ತು ನಿಂಗೆ ಕೊಟ್ರೆ ಬೀದಿ ಉಗೀತದೆ. ನಿನ್ ಕಾರು ಇರೋ ತಾವೇ ಇರ್ಲಿ, ಓಗು."

ಅವಳ ಜಾಗ. ಆ ಮಾತನ್ನು ವೀಣ ಕೇಳಿಸಿಕೊಂಡಳು. ಆದರೆ ತಿರುಗಿ ನೋಡಲಿಲ್ಲ. ಒಂಬತ್ತನ್ನೂ ತೆಂಗಿನ ಬುಡಕ್ಕೆ ಒಯ್ದು, ಅಗೆದು ಹೂತಳು.

ಅತ್ತೆ ಸೊಸೆ ಹದಿನೆಂಟು ದಿನ ಮಾತಾಡಲಿಲ್ಲ. ವೀಣ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಮಲ್ಲಿಗಮ್ಮನ ಮನೆಗೆ ಹೋಗಿ ಇಪ್ಪತ್ತು ಮೀನಿಗೆ ಚಿಟಿಕೆ ಮೇವು ಹಾಕಿ ಬರುತ್ತಿದ್ದಳು. ಆ ಕಲ್ಲುಬಾನಿಯ ಪಾಚಿ ನೀರನ್ನು ಒಂದೊಂದೇ ಬಿಂದಿಗೆ ತಂದು, ಲೋಳೆ ಮತ್ತೆ ಹತ್ತಲೆಂದು ತನ್ನ ಜಲ್ಲಿಗೆ ಸುರಿಯುತ್ತಿದ್ದಳು. ಹಬ್ಬ ಕಳೆದಿತ್ತು, ಬೆಳ್ಳಮ್ಮ ತಡೆಯಲಿಲ್ಲ. ಸುಣ್ಣದ ಪಟ್ಟೆ ಉದುರುತ್ತಿತ್ತು.

ಹತ್ತೊಂಬತ್ತನೆಯ ದಿನ ಬೆಳ್ಳಮ್ಮ ಒಲೆಯ ಮುಂದಿನಿಂದಲೇ, ಮುಖ ತಿರುಗಿಸದೆ ಕೇಳಿದಳು:

"ಆ ಮೀನ ಯಾವಾಗ ತತ್ತೀಯ? ನಮ್ ಮನೆ ಜೀವ ಕಂಡೋರ ಬಾನೀಲಿ ಎಷ್ಟು ದಿನ ಇರದು?"

"ಕಲ್ಲಿಗೆ ಲೋಳೆ ಹತ್ತಬೇಕು. ಇನ್ನೂ ಒಂದು ತಿಂಗಳು. ಅಲ್ಲಿವರೆಗೆ ಯಾರೂ ತೊಳೀಬಾರದು."

"ತೊಳಿಯಾಕೆ ನಂಗೇನ್ ಬೇರೆ ಕ್ಯಾಮೆ ಇಲ್ವಾ?" ಬೆಳ್ಳಮ್ಮ ಊದುಗೊಳವೆ ಎತ್ತಿಕೊಂಡಳು. "ನಾರ್ಲಿ. ನಿನ್ ತೊಟ್ಟಿ, ನಿನ್ ನಾತ."